ಮೌಸ್ ಒತ್ತಿದ ಮೇಲೆ ಪರದೆ ಬೆಳಗುವ ತನಕ

ಲ್ಯಾಗ್, ಅಂದರೆ ಕೈ ಮಾಡಿದ್ದು ಪರದೆಯಲ್ಲಿ ಕಾಣಲು ಆಗುವ ತಡ, ಹೆಚ್ಚಾದಂತೆ ಆಟಗಾರನ ಗುರಿ ಎಷ್ಟು ಕೆಡುತ್ತದೆ ಎಂಬುದು ಗೇಮ್ ಸಂಶೋಧನೆಯಲ್ಲಿ ಹಳೆಯ ಪ್ರಶ್ನೆ. ಕೆನಡಾದ ಮೆಕೆಂಝಿ ಮತ್ತು ವೇರ್ 1993ರಲ್ಲೇ ಪಾಯಿಂಟರ್ ಬೇಕೆಂದೇ ತಡವಾಗಿ ಚಲಿಸುವಂತೆ ಮಾಡಿ ಅಳೆದಿದ್ದರು. ಲ್ಯಾಗ್ 225 ಮಿಲಿಸೆಕೆಂಡಿಗೆ ಏರಿದಾಗ ಗುರಿ ಮುಟ್ಟುವ ಸಮಯ ಶೇ 64ರಷ್ಟು, ತಪ್ಪುಗಳು ಶೇ 214ರಷ್ಟು ಹೆಚ್ಚಿದವು. 2006ರಲ್ಲಿ ಅಮೆರಿಕದ ಮಾರ್ಕ್ ಕ್ಲೇಪೂಲ್ ಮತ್ತು ಕಜಲ್ ಕ್ಲೇಪೂಲ್ ಆನ್‌ಲೈನ್ ಆಟಗಳನ್ನೇ ವಿಂಗಡಿಸಿದರು: ಪಾತ್ರದ ಕಣ್ಣಿನಿಂದಲೇ ನೋಡುವ ಶೂಟಿಂಗ್ ಆಟಕ್ಕೆ ಸುಮಾರು 100 ಮಿಲಿಸೆಕೆಂಡ್, ಪಾತ್ರವನ್ನು ಹೊರಗಿನಿಂದ ನೋಡುವ ಆಟಕ್ಕೆ 500, ಮೇಲಿನಿಂದ ಇಡೀ ರಣರಂಗ ನೋಡುವ ಸ್ಟ್ರಾಟಜಿ ಆಟಕ್ಕೆ 1000. ಅಲ್ಲಿಯವರೆಗೆ ಆಟ ಹೇಗೋ ಸಾಗುತ್ತದೆ, ಅದರಾಚೆ ಕೆಡುತ್ತದೆ. ಗೇಮ್ ಲ್ಯಾಗ್ ಬಗ್ಗೆ ಓದುವವರೆಲ್ಲ ಮೊದಲು ಎಡತಾಕುವ ಅಂಕಿಗಳು ಇವು.

ಇಂಥದೇ ಒಂದು ಸಣ್ಣ ಪ್ರಯೋಗವನ್ನು ನಮ್ಮ ಲ್ಯಾಬಿನಲ್ಲಿ ಕಟ್ಟಿದ ಕ್ರಮ ಇಲ್ಲಿದೆ. ಹೆಚ್ಚು ಶ್ರಮ ಬೇಡಿದ್ದು ಆಟಗಾರರನ್ನು ಕೂರಿಸುವ ಭಾಗವಲ್ಲ, ಅದಕ್ಕೂ ಮುಂಚಿನ ಅಳತೆಯ ಭಾಗ. ಕೋಡ್‌ನಲ್ಲಿ 100 ಮಿಲಿಸೆಕೆಂಡ್ ವಿಳಂಬ ಸೇರಿಸಲು ಅರ್ಧ ನಿಮಿಷ ಸಾಕು. ಆದರೆ ಆ 100 ಯಾವುದರ ಮೇಲೆ ಕೂರುತ್ತಿದೆ? 'ಸೊನ್ನೆ ಲ್ಯಾಗ್' ಎಂದು ಪ್ರಬಂಧದಲ್ಲಿ ಬರೆಯುವ ಸ್ಥಿತಿಯಲ್ಲೂ ಕಂಪ್ಯೂಟರ್ ತನ್ನ ಪಾಲಿನ ವಿಳಂಬವನ್ನು ಹಾಕಿಯೇ ಇರುತ್ತದೆ. ಅದನ್ನು ಅಳೆಯದೆ ಬರೆದ ಪ್ರಬಂಧಗಳು ಇಂದಿಗೂ ಬರುತ್ತಲೇ ಇವೆ. ಅಂಥವುಗಳ ಅಂಕಿಗಳನ್ನು ಇನ್ನೊಂದು ಲ್ಯಾಬಿನ ಅಂಕಿಗಳ ಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ.

ಕಾಗದದ ಮೇಲೆಯೇ ಲೆಕ್ಕ ಹಾಕಿ ನೋಡಿ. ಕಚೇರಿಯ ಸಾಮಾನ್ಯ ಮೌಸ್ ಸೆಕೆಂಡಿಗೆ 125 ಸಲ ಕಂಪ್ಯೂಟರಿಗೆ ವರದಿ ಮಾಡುತ್ತದೆ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ. ಕ್ಲಿಕ್ ಆದ ಮೇಲೆ ಸರಾಸರಿ 4 ಮಿಲಿಸೆಕೆಂಡ್ ಅಲ್ಲೇ ಕಾಯುತ್ತದೆ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ, ಅಂದರೆ 60 ಹರ್ಟ್ಸ್ ಮಾನಿಟರಿನಲ್ಲಿ ಒಂದು ಫ್ರೇಮ್ (ಒಂದು ಚಿತ್ರ) 16.7 ಮಿಲಿಸೆಕೆಂಡ್. ಮುಂದಿನ ಫ್ರೇಮ್ ಶುರುವಾಗಲು ಸರಾಸರಿ ಅರ್ಧ ಫ್ರೇಮ್, 8.3. ಆ ಫ್ರೇಮ್ ತಯಾರಾಗಲು 16.7. ವಿ-ಸಿಂಕ್ (ಮಾನಿಟರಿನ ತಾಳಕ್ಕೆ ಕಾದು ಫ್ರೇಮ್ ಕಳಿಸುವ ಸೆಟ್ಟಿಂಗ್) ಆನ್ ಇದ್ದು ಎರಡು ಫ್ರೇಮ್ ಸಾಲಿನಲ್ಲಿ ನಿಂತಿದ್ದರೆ ಇನ್ನೂ 33.3. ಮಾನಿಟರ್ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಚಿತ್ರ ಬಿಡಿಸುತ್ತ ನಡುಮಧ್ಯಕ್ಕೆ ಬರಲು 8.3. ಪಿಕ್ಸೆಲ್ ಬಣ್ಣ ಬದಲಿಸಲು ಒಂದೈದು. ಕೂಡಿದರೆ 75 ಮಿಲಿಸೆಕೆಂಡ್ ದಾಟಿತು! 240 ಹರ್ಟ್ಸ್ ಮಾನಿಟರ್, 1000 ಹರ್ಟ್ಸ್ ಮೌಸ್, ವಿ-ಸಿಂಕ್ ಆಫ್ ಇಟ್ಟುಕೊಂಡು ಇದೇ ಲೆಕ್ಕ ಹಾಕಿದರೆ ಹದಿನಾಲ್ಕರ ಆಸುಪಾಸು ಬರುತ್ತದೆ. ಇಬ್ಬರೂ '100 ಮಿಲಿಸೆಕೆಂಡ್ ಲ್ಯಾಗ್' ಎಂದು ಬರೆದರೆ ಒಬ್ಬರ ಆಟಗಾರ ಅನುಭವಿಸಿದ್ದು 175, ಇನ್ನೊಬ್ಬರ ಆಟಗಾರ ಅನುಭವಿಸಿದ್ದು 114. ಮಾನಿಟರ್ ಬದಲು ಟಿವಿ ಇಟ್ಟು, ಅದರ ಗೇಮ್ ಮೋಡ್ ಹಾಕದೇ ಬಿಟ್ಟರಂತೂ ಚಿತ್ರ ನಯಮಾಡುವ ಸಂಸ್ಕರಣೆಯೇ ಇನ್ನಷ್ಟು ಹತ್ತಾರು ಮಿಲಿಸೆಕೆಂಡ್ ನುಂಗುತ್ತದೆ.

ಆದ್ದರಿಂದ ಮೊದಲ ಕೆಲಸ ಅಳೆಯುವ ಉಪಕರಣ. ತೀರಾ ಅಗ್ಗದ ದಾರಿ ಫೋನಿನ ಸ್ಲೋ ಮೋಷನ್. ಮೌಸ್ ಮತ್ತು ಪರದೆ ಎರಡೂ ಕಾಣುವಂತೆ 240 ಫ್ರೇಮ್‌ನಲ್ಲಿ ಚಿತ್ರೀಕರಿಸಿ, ಬೆರಳು ಒತ್ತಿದ ಫ್ರೇಮಿನಿಂದ ಪರದೆ ಬದಲಾದ ಫ್ರೇಮಿನವರೆಗೆ ಎಣಿಸುವುದು. ಒಂದು ಫ್ರೇಮ್ 4.2 ಮಿಲಿಸೆಕೆಂಡ್. ಬೆರಳು ನಿಜವಾಗಿ ಸ್ವಿಚ್ ಮುಚ್ಚಿದ ಕ್ಷಣ ಚಿತ್ರದಲ್ಲಿ ಕಾಣುವುದಿಲ್ಲ, ಒಂದೆರಡು ಫ್ರೇಮ್ ಅಂದಾಜಿನ ಮೇಲೆ ಹೋಗುತ್ತದೆ. ಇಪ್ಪತ್ತು ಕ್ಲಿಕ್ ಎಣಿಸುವಷ್ಟರಲ್ಲಿ ಕಣ್ಣು ಸೋಲುತ್ತದೆ. ಸೆಟಪ್‌ನಲ್ಲಿ ದೊಡ್ಡ ಎಡವಟ್ಟು ಇದೆಯೇ ಎಂದು ನೋಡಲು ಇದು ಸಾಕು, ಪ್ರಬಂಧದಲ್ಲಿ ಬರೆಯುವ ಅಂಕಿಗೆ ಸಾಲದು.

ನಾವು ಕಟ್ಟಿದ್ದು ಬೆಳಕಿನ ಸೆನ್ಸರ್ ಮತ್ತು ಒಂದು ಅರ್ಡುಯಿನೋ ಬೋರ್ಡ್, ಅಂದರೆ ನಮ್ಮದೇ ಪ್ರೋಗ್ರಾಂ ಹಾಕಬಹುದಾದ ಪುಟ್ಟ ಸರ್ಕ್ಯೂಟ್. ಬೋರ್ಡ್ ಲಿಯೊನಾರ್ಡೊ ಇರಲಿ, ಇಲ್ಲವೇ ಅದರದೇ ಎಟಿಮೆಗಾ32ಯು4 ಚಿಪ್ ಇರುವ ಪ್ರೋ ಮೈಕ್ರೋ. ಈ ಚಿಪ್ ನೇರವಾಗಿ ಯುಎಸ್‌ಬಿ ಮೌಸ್ ಆಗಿ ವರ್ತಿಸಬಲ್ಲದು. ಕೈಗೆ ಸಿಗುವ ಉನೋ ಆರ್3 ಬೋರ್ಡಿನ ಮುಖ್ಯ ಚಿಪ್‌ಗೆ ಆ ಸಾಮರ್ಥ್ಯವಿಲ್ಲ. ಸೆನ್ಸರಿಗೆ ಬಿಪಿಡಬ್ಲ್ಯೂ34 ಫೋಟೋಡಯೋಡ್. ಬೆಂಗಳೂರಿನವರು ಇದಕ್ಕೆ ಎಸ್.ಪಿ. ರೋಡಿಗೆ ಹೋಗುತ್ತಾರೆ. 'ಲೈಟ್ ಸೆನ್ಸರ್ ಕೊಡಿ' ಎಂದಷ್ಟೇ ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಬೆಳಕಿಗೆ ತಕ್ಕಂತೆ ಪ್ರತಿರೋಧ ಬದಲಾಗುವ ರೆಸಿಸ್ಟರ್, ಅಂದರೆ ಎಲ್‌ಡಿಆರ್. ಬೀದಿ ದೀಪ ತಾನೇ ಹತ್ತಿಸುವ ಸರ್ಕ್ಯೂಟಿಗೆ ಅದು ಸರಿ, ಇಲ್ಲಿ ಕೆಲಸಕ್ಕೆ ಬಾರದು. ಬೆಳಕು ಬದಲಾದದ್ದನ್ನು ಗ್ರಹಿಸಲು ಎಲ್‌ಡಿಆರ್‌ಗೇ ಹತ್ತಾರು ಮಿಲಿಸೆಕೆಂಡ್ ಬೇಕು, ಅಳೆಯಬೇಕಾದ ವಿಳಂಬಕ್ಕಿಂತ ಅಳೆಯುವ ಸಾಧನವೇ ನಿಧಾನ. ಇನ್ನೊಂದು ಬಲೆ ಫೋಟೋಡಯೋಡಿನ ಹೆಸರಿನ ಕೊನೆಯಲ್ಲಿದೆ. ಬಿಪಿಡಬ್ಲ್ಯೂ34 ಎಂಬ ಹೆಸರಿನ ಮುಂದೆ 'ಎಫ್' ಇದ್ದು, ಮೈ ಕಪ್ಪಗಿದ್ದರೆ ಅದು ರಿಮೋಟ್ ಕಂಟ್ರೋಲ್‌ಗಳ ಇನ್‌ಫ್ರಾರೆಡ್ ನೋಡಲು ಮಾಡಿದ್ದು. ಕಣ್ಣಿಗೆ ಕಾಣುವ ಬೆಳಕನ್ನು ಅದು ಸೋಸಿ ಹಾಕುತ್ತದೆ. ಎದುರಿಗೆ ಮಾನಿಟರ್ ಝಗಮಗ ಬೆಳಗಿದರೂ ಅದರ ಪಾಲಿಗೆ ಕತ್ತಲೆಯೇ. ಮೈ ಪಾರದರ್ಶಕವಾಗಿರುವುದನ್ನೇ ಕೇಳಿ ತರಬೇಕು.

ಜೋಡಣೆ ಸರಳ. ಡಯೋಡನ್ನು ತಿರುಗುಮುರುಗಾಗಿ, ಅಂದರೆ ಕ್ಯಾಥೋಡ್ 5 ವೋಲ್ಟ್ ಕಡೆಗೆ ಬರುವಂತೆ ಹಾಕಿ, ಆನೋಡಿನಿಂದ ಗ್ರೌಂಡಿಗೆ ರೆಸಿಸ್ಟರ್. ಎರಡೂ ಸೇರುವ ಬಿಂದುವಿನಿಂದ ಅನಲಾಗ್ ಪಿನ್ನಿಗೆ ಒಂದು ತಂತಿ. ರೆಸಿಸ್ಟರ್ ಎಷ್ಟು ಎಂಬುದರಲ್ಲಿ ಕೈ ಬಿಗಿ ಇರಬೇಕು. ಸಿಗ್ನಲ್ ದೊಡ್ಡದಾಗಲಿ ಎಂದು 1 ಮೆಗಾ ಓಮ್ ಹಾಕಿದರೆ ಮಂಕು ಬೂದು ಬಣ್ಣಕ್ಕೇ ಪಿನ್ 5 ವೋಲ್ಟ್ ಮುಟ್ಟಿ ಅಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ಬಿಳಿ ಬಂದರೂ ವ್ಯತ್ಯಾಸ ತಿಳಿಯದು, ಕಪ್ಪಿನಿಂದ ಬಿಳಿಗೆ ಹೋಗುವ ಏರು ರೇಖೆಯ ಬುಡವಷ್ಟೇ ಕಂಡು ವಿಳಂಬ ನಿಜಕ್ಕಿಂತ ಕಡಿಮೆ ಬರುತ್ತದೆ. ನಾವು 100 ಕಿಲೋ ಓಮ್ ಪ್ರಿಸೆಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಹಾಕಿ, ಪೂರ್ತಿ ಬಿಳಿ ಪರದೆಗೆ ಓದು 1023ರಲ್ಲಿ (5 ವೋಲ್ಟಿಗೆ ಬೋರ್ಡ್ ಕೊಡುವ ಓದು) 600ರಿಂದ 800ರ ನಡುವೆ ನಿಲ್ಲುವಂತೆ ತಿರುಗಿಸಿದೆವು. ಸೆನ್ಸರಿನ ಸುತ್ತ ಕಪ್ಪು ಫೋಮ್ ಅಂಟಿಸಿ ಪರದೆಗೆ ಒತ್ತಿ ಹಿಡಿದರೆ ಕೋಣೆಯ ಟ್ಯೂಬ್‌ಲೈಟ್ ಒಳಗೆ ಬರುವುದಿಲ್ಲ. ಹಳೆಯ ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಆ ಅಲೆ ಅಳತೆಯಲ್ಲಿ ಸೇರಿದರೆ ತಲೆನೋವು.

ಇನ್ನು ಕ್ಲಿಕ್. ಬೋರ್ಡೇ ಮೌಸ್ ಆಗಿ ಕ್ಲಿಕ್ ಕಳಿಸಿದರೆ ಕಂಪ್ಯೂಟರ್ ಮತ್ತು ಮಾನಿಟರಿನ ಪಾಲು ಸಿಗುತ್ತದೆ, ಆಟಗಾರ ಹಿಡಿಯುವ ಮೌಸಿನ ಪಾಲು ಸಿಗುವುದಿಲ್ಲ. ಅದಕ್ಕೆ ನಿಜವಾದ ಮೌಸನ್ನು ಬಿಚ್ಚಿ, ಎಡ ಗುಂಡಿಯ ಮೈಕ್ರೋ ಸ್ವಿಚ್‌ನ ಎರಡು ಕಾಲುಗಳಿಗೆ ಸಣ್ಣ ತಂತಿ ಬೆಸುಗೆ ಹಾಕಬೇಕು. ಸ್ವಿಚ್‌ಗೆ ಮೂರು ಕಾಲು ಇರುತ್ತವೆ. ಒತ್ತಿದಾಗ ಸೇರುವ ಜೋಡಿ ಯಾವುದೆಂದು ಮಲ್ಟಿಮೀಟರ್ ಹಿಡಿದೇ ತಿಳಿದುಕೊಳ್ಳಿ, ಗುರುತಿನ ಮೇಲೆ ನಂಬಿಕೆ ಬೇಡ. ಆ ಜೋಡಿಗೆ ಅಡ್ಡಲಾಗಿ ಪಿಸಿ817 ಆಪ್ಟೋಕಪ್ಲರ್, ಅಂದರೆ ಒಳಗಿನ ಎಲ್‌ಇಡಿ ಬೆಳಕಿಗೆ ಮುಚ್ಚಿಕೊಳ್ಳುವ ಟ್ರಾನ್ಸಿಸ್ಟರ್ ಸ್ವಿಚ್. ಬೋರ್ಡ್ ಅದರ ಎಲ್‌ಇಡಿ ಹತ್ತಿಸಿದರೆ ಮೌಸ್‌ಗೆ ಗುಂಡಿ ಒತ್ತಿದಂತೆಯೇ. ಆಪ್ಟೋಕಪ್ಲರಿನ ವಿಳಂಬ ಮೈಕ್ರೋಸೆಕೆಂಡುಗಳಲ್ಲಿ ಇರುವುದರಿಂದ ಲೆಕ್ಕಕ್ಕಿಲ್ಲ. ಅದರ ಟ್ರಾನ್ಸಿಸ್ಟರಿನ ಎರಡು ಕಾಲು ಅದಲುಬದಲಾದರೆ ಕ್ಲಿಕ್ ಆಗದು, ಆಗ ತಂತಿ ತಿರುಗಿಸಿ ಹಾಕಿದರಾಯಿತು. ಎರಡೂ ರೀತಿ ಅಳೆದು ಕಳೆದರೆ ಮೌಸ್‌ನದೇ ಪಾಲು ಕೈಗೆ ಬರುತ್ತದೆ. ಕೆಲವು ಮೌಸ್‌ಗಳು ಸ್ವಿಚ್ ಅದುರುವುದು ನಿಂತ ಮೇಲಷ್ಟೇ ಕ್ಲಿಕ್ ವರದಿ ಮಾಡುತ್ತವೆ, ಕೆಲವು ಮೊದಲ ಸ್ಪರ್ಶಕ್ಕೇ ವರದಿ ಮಾಡಿ ಆಮೇಲಿನ ಅದುರನ್ನು ಕಡೆಗಣಿಸುತ್ತವೆ. ಪೆಟ್ಟಿಗೆಯ ಮೇಲೆ ಎರಡಕ್ಕೂ 1000 ಹರ್ಟ್ಸ್ ಎಂದೇ ಇರಬಹುದು, ಅಳೆದಾಗ ಹಲವು ಮಿಲಿಸೆಕೆಂಡ್ ಅಂತರ ಬರಬಹುದು.

ಬೋರ್ಡಿನ ಪ್ರೋಗ್ರಾಂ ಪುಟ್ಟದು: ಕ್ಲಿಕ್ ಕೊಡು, ಗಡಿಯಾರ ನೋಡು, ಸೆನ್ಸರ್ ಓದುತ್ತಿರು, ಓದು ಮೊದಲೇ ಗೊತ್ತುಮಾಡಿದ ಗೆರೆ ದಾಟಿದೊಡನೆ ಮತ್ತೆ ಗಡಿಯಾರ ನೋಡು. ಅರ್ಡುಯಿನೋ ಒಂದು ಅನಲಾಗ್ ಓದಿಗೆ ಸುಮಾರು 0.1 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ, ಈ ಕೆಲಸಕ್ಕೆ ಬೇಕಾದಷ್ಟಾಯಿತು. ಓದುವ ನಡುವೆ ಸೀರಿಯಲ್ ಪೋರ್ಟಿಗೆ ಮುದ್ರಿಸಬಾರದು, ಅಳತೆ ಮುಗಿದ ಮೇಲೆ ಮುದ್ರಿಸಬೇಕು. ಇದಕ್ಕಿಂತ ಮುಖ್ಯವಾದದ್ದು ಕ್ಲಿಕ್‌ಗಳ ನಡುವಿನ ಅಂತರ. ಸರಿಯಾಗಿ ಒಂದು ಸೆಕೆಂಡಿಗೊಮ್ಮೆ ಕ್ಲಿಕ್ ಕೊಟ್ಟರೆ 60 ಹರ್ಟ್ಸ್ ಮಾನಿಟರಿನಲ್ಲಿ ಪ್ರತಿ ಕ್ಲಿಕ್ಕೂ ಫ್ರೇಮಿನ ಹೆಚ್ಚುಕಡಿಮೆ ಅದೇ ಜಾಗಕ್ಕೆ ಬೀಳುತ್ತದೆ. ಓದುಗಳೆಲ್ಲ ಒಂದಕ್ಕೊಂದು ಹತ್ತಿರ ಬಂದು 'ಆಹಾ, ಎಷ್ಟು ಸ್ಥಿರ' ಅನಿಸುತ್ತದೆ. ಅದು ಸ್ಥಿರತೆಯಲ್ಲ, ಒಂದೇ ಮೂಲೆಯನ್ನು ಮತ್ತೆ ಮತ್ತೆ ಅಳೆದದ್ದು. 700 ಮಿಲಿಸೆಕೆಂಡಿಗೆ 0ರಿಂದ 300ರ ನಡುವಿನ ಯಾದೃಚ್ಛಿಕ ಸಂಖ್ಯೆ ಕೂಡಿಸಿ ಕಾಯುವಂತೆ ಮಾಡಿದರೆ ಕ್ಲಿಕ್‌ಗಳು ಫ್ರೇಮಿನ ತುಂಬ ಹರಡುತ್ತವೆ. ಒಂದು ಸೆಟ್ಟಿಂಗಿಗೆ 200 ಕ್ಲಿಕ್ ಎಂದರೆ ಮೂರು ನಿಮಿಷದ ಕೆಲಸ.

ಗೇಮಿನ ಕಡೆ ಬೇಕಾದದ್ದು ಕ್ಲಿಕ್ ಬಂದಾಗ ಕಪ್ಪಿನಿಂದ ಬಿಳಿಗೆ ತಿರುಗುವ ಒಂದು ಚೌಕ. ಖಾಲಿ ದೃಶ್ಯದಲ್ಲಿ ಅಳೆದು ಬಿಡುವ ಆಸೆ ಬರುತ್ತದೆ. ಹಾಗೆ ಮಾಡಬಾರದು. ಪ್ರಯೋಗದಲ್ಲಿ ಬಳಸುವ ದೃಶ್ಯ, ಅದೇ ರೆಸಲ್ಯೂಷನ್, ಅದೇ ಗ್ರಾಫಿಕ್ಸ್ ಸೆಟ್ಟಿಂಗ್ ಇಟ್ಟು ಅದರೊಳಗೇ ಚೌಕ ಇಡಬೇಕು, ಏಕೆಂದರೆ ಗ್ರಾಫಿಕ್ಸ್ ಕಾರ್ಡಿನ ಮೇಲಿನ ಹೊರೆಯೇ ವಿಳಂಬದ ಒಂದು ಪಾಲು. ಚೌಕ ಎಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಪರದೆಯ ಮೇಲ್ತುದಿಯಲ್ಲಿಟ್ಟ ಸೆನ್ಸರಿಗೂ ಕೆಳತುದಿಯಲ್ಲಿಟ್ಟ ಸೆನ್ಸರಿಗೂ 60 ಹರ್ಟ್ಸ್‌ನಲ್ಲಿ 15 ಮಿಲಿಸೆಕೆಂಡಿನಷ್ಟು ವ್ಯತ್ಯಾಸ ಬರುತ್ತದೆ. ಗುರಿಗಳು ಪರದೆಯ ನಡುವೆ ಇರುವುದರಿಂದ ನಾವು ನಡುವಿನ ಎತ್ತರವನ್ನೇ ಆರಿಸಿಕೊಂಡೆವು. ಗೆರೆಯನ್ನು ಕಪ್ಪು-ಬಿಳಿ ಓದುಗಳ ಸರಿಯರ್ಧದಲ್ಲಿ ಇಟ್ಟೆವು. ಶೇ 10ಕ್ಕೆ ಇಡುವವರೂ ಇದ್ದಾರೆ. ಯಾವುದಾದರೂ ಸರಿ, ಬರೆದಿಡಬೇಕು. ಮಾನಿಟರಿನ ಬ್ರೈಟ್‌ನೆಸ್ ಕಡಿಮೆ ಮಾಡಿದರೆ ಕೆಲವು ಪರದೆಗಳು ಹಿಂಬದಿ ದೀಪವನ್ನು ಆರಿಸಿ-ಹತ್ತಿಸಿ ಮಂಕು ಮಾಡುತ್ತವೆ. ಆಗ ಏರು ರೇಖೆಯ ಬದಲು ಬಾಚಣಿಗೆಯ ಹಲ್ಲು ಕಾಣುತ್ತದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿದರೆ ಸಾಮಾನ್ಯವಾಗಿ ಅದು ಹೋಗುತ್ತದೆ.

ಓದುಗಳು ಬಂದ ಮೇಲೆ ಸರಾಸರಿ ನೋಡುವ ಮೊದಲು ಹರಡುವಿಕೆ ನೋಡಬೇಕು. ವಿ-ಸಿಂಕ್ ಇರುವ 60 ಹರ್ಟ್ಸ್ ವ್ಯವಸ್ಥೆಯಲ್ಲಿ ಎಲ್ಲ ನೆಟ್ಟಗಿದ್ದರೆ ಓದುಗಳು ಒಂದು ಫ್ರೇಮಿನ ಅಗಲಕ್ಕೆ, 16.7 ಮಿಲಿಸೆಕೆಂಡಿಗೆ, ಸಮನಾಗಿ ಹರಡಬೇಕು. ಅಂಥ ಹರಡುವಿಕೆಯ ಪ್ರಮಾಣಿತ ವಿಚಲನೆ (ಓದುಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 16.7ನ್ನು 12ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ 4.8. ನಿಮಗೆ 5 ಬಂದರೆ ನೆಮ್ಮದಿ. 9 ಬಂದರೆ ಎಲ್ಲೋ ಫ್ರೇಮ್ ಜಾರುತ್ತಿದೆ. 1 ಬಂದರೆ ಕ್ಲಿಕ್‌ಗಳು ಫ್ರೇಮಿನ ತಾಳಕ್ಕೆ ಸಿಕ್ಕಿಬಿದ್ದಿವೆ, ಯಾದೃಚ್ಛಿಕ ಅಂತರ ಕೆಲಸ ಮಾಡುತ್ತಿಲ್ಲ. ಈ ಒಂದು ಪರೀಕ್ಷೆ ಎಷ್ಟೋ ಗಂಟೆ ಉಳಿಸುತ್ತದೆ.

ಸರಾಸರಿ ಕಾಗದದ ಲೆಕ್ಕಕ್ಕಿಂತ ತೀರಾ ಹೆಚ್ಚಿದ್ದರೆ ಹುಡುಕಬೇಕಾದ ಜಾಗಗಳು ಗೊತ್ತಿರುವವೇ. ಗೇಮ್ ಪೂರ್ತಿ ಪರದೆಯ ಬದಲು ಕಿಟಕಿಯಲ್ಲಿ ಓಡುತ್ತಿದ್ದರೆ ವಿಂಡೋಸ್ ಎಲ್ಲ ಕಿಟಕಿಗಳನ್ನು ಸೇರಿಸಿ ಒಂದು ಚಿತ್ರ ಮಾಡುವಾಗ ಒಂದು ಫ್ರೇಮ್ ಹೋಗಬಹುದು. ಗೇಮ್ ಕಟ್ಟುವ ಸಾಫ್ಟ್‌ವೇರ್ ಯೂನಿಟಿ ತಾನಾಗಿ ಎರಡು ಫ್ರೇಮ್‌ವರೆಗೆ ಸಾಲುಗಟ್ಟಲು ಬಿಡುತ್ತದೆ, ಅದನ್ನು 1ಕ್ಕೆ ಇಳಿಸಬಹುದು. ಲ್ಯಾಪ್‌ಟಾಪ್ ಆದರೆ ದೊಡ್ಡ ಗ್ರಾಫಿಕ್ಸ್ ಚಿಪ್ ಬರೆದ ಚಿತ್ರವನ್ನು ಚಿಕ್ಕ ಚಿಪ್‌ಗೆ ನಕಲು ಮಾಡಿ ಪರದೆಗೆ ಕಳಿಸುವ ವ್ಯವಸ್ಥೆ ಇರಬಹುದು. ಕರೆಂಟ್ ಹೋಗಿ ಬ್ಯಾಟರಿಗೆ ಬಂದ ಕ್ಷಣ ಹಲವು ಲ್ಯಾಪ್‌ಟಾಪ್‌ಗಳು ಸದ್ದಿಲ್ಲದೆ ಫ್ರೇಮ್ ದರ ಇಳಿಸುತ್ತವೆ. ನಮ್ಮ ಊರುಗಳಲ್ಲಿ ಇದು ಕಡೆಗಣಿಸುವ ಮಾತಲ್ಲ, ಪ್ರಯೋಗಕ್ಕೆ ಡೆಸ್ಕ್‌ಟಾಪ್ ಮತ್ತು ಯುಪಿಎಸ್ ಇಡುವುದೇ ಸರಿ. ಮೌಸ್ ನಡುವೆ ಹಬ್ ಬೇಡ. ಫ್ರೇಮ್ ಸಮಯಗಳನ್ನು ಪ್ರೆಸೆಂಟ್‌ಮಾನ್‌ನಂಥ ಉಪಕರಣದಲ್ಲಿ ದಾಖಲಿಸುತ್ತಿರಬೇಕು.

ಮೂಲ ವಿಳಂಬ ಗೊತ್ತಾದ ಮೇಲೆ ಕೃತಕ ವಿಳಂಬ ಸೇರಿಸುವುದು. ಇಲ್ಲಿ ಮೊದಲು ಕೈ ಕೊಡುವುದು ವಿಂಡೋಸ್‌ನ ಬಾಣದ ಗುರುತು. ಅದನ್ನು ಬಿಡಿಸುವುದು ಗೇಮ್ ಅಲ್ಲ, ಆಪರೇಟಿಂಗ್ ಸಿಸ್ಟಮ್. ಗೇಮ್ ಎಷ್ಟು ತಡ ಮಾಡಿದರೂ ಬಾಣ ತನ್ನ ವೇಗದಲ್ಲೇ ಓಡುತ್ತದೆ. ಆಟಗಾರ ಬಾಣ ನೋಡಿ ಗುರಿ ಇಟ್ಟರೆ ನಿಮ್ಮ 150 ಮಿಲಿಸೆಕೆಂಡ್ ಅವನನ್ನು ತಟ್ಟುವುದೇ ಇಲ್ಲ. ಆದ್ದರಿಂದ ಅದನ್ನು ಅಡಗಿಸಿ ಗೇಮಿನೊಳಗೇ ಪಾಯಿಂಟರ್ ಬಿಡಿಸಬೇಕು. ಚಲನೆ ಮತ್ತು ಕ್ಲಿಕ್ ಎರಡೂ ಒಂದೇ ಸರತಿಯಲ್ಲಿ ಕಾದು ಹೊರಬರಬೇಕು. ಕ್ಲಿಕ್ಕನ್ನು ಮಾತ್ರ ತಡಮಾಡಿದರೆ ಅದು ಬೇರೆಯೇ ಪ್ರಯೋಗ.

ಸರತಿಯ ಕೋಡ್‌ನಲ್ಲಿ ಕಣ್ಣಿಗೆ ಬೀಳದ ಒಂದು ದೋಷ ಕೂತಿರುತ್ತದೆ. ಪ್ರತಿ ಇನ್‌ಪುಟ್‌ಗೆ ಸಮಯದ ಮುದ್ರೆ ಒತ್ತಿ, '50 ಮಿಲಿಸೆಕೆಂಡ್ ಆಗಿದ್ದರೆ ಬಿಡು' ಎಂದು ಬರೆಯುತ್ತೇವೆ. 60 ಹರ್ಟ್ಸ್‌ನಲ್ಲಿ ಮೂರು ಫ್ರೇಮ್ ಎಂದರೆ ಕರಾರುವಾಕ್ಕಾಗಿ 50. ಫ್ರೇಮ್ ಸಮಯ ಕೂದಲೆಳೆಯಷ್ಟು ಹೊಯ್ದಾಡುವುದರಿಂದ ಮೂರನೇ ಫ್ರೇಮಿನಲ್ಲಿ ಗಡಿಯಾರ ಒಮ್ಮೆ 50.02 ತೋರುತ್ತದೆ, ಒಮ್ಮೆ 49.98. ಮೊದಲನೆಯದು ಮೂರಕ್ಕೇ ಹೊರಬರುತ್ತದೆ, ಎರಡನೆಯದು ನಾಲ್ಕನೆಯದಕ್ಕೆ ಕಾಯುತ್ತದೆ. ಪಾಯಿಂಟರ್ ನಡುಗುತ್ತದೆ, ಸರಾಸರಿ 50ರ ಬದಲು 58ರ ಹತ್ತಿರ ಹೋಗುತ್ತದೆ. 100 ಮತ್ತು 150 ಕೂಡ ಪೂರ್ಣ ಫ್ರೇಮ್‌ಗಳೇ ಆದ್ದರಿಂದ ಅಲ್ಲೂ ಇದೇ ಕಥೆ. ಮದ್ದು ಸುಲಭ: ಮಿಲಿಸೆಕೆಂಡ್ ಬಿಟ್ಟು ಫ್ರೇಮ್ ಎಣಿಸಿ. 0, 3, 6, 9 ಫ್ರೇಮ್. ಆಮೇಲೆ ನಾಲ್ಕೂ ಸ್ಥಿತಿಗಳನ್ನು ಸೆನ್ಸರ್ ಹಿಡಿದು ಮತ್ತೆ ಅಳೆಯಬೇಕು. ಸರಾಸರಿಗಳು 50ರ ಮೆಟ್ಟಿಲಲ್ಲಿ ಏರಬೇಕು, ವಿಚಲನೆ ನಾಲ್ಕರಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು. ವಿಚಲನೆಯೂ ಏರುತ್ತ ಹೋದರೆ ನೀವು ಲ್ಯಾಗ್ ಜೊತೆಗೆ ಅದುರನ್ನೂ ಸೇರಿಸಿದ್ದೀರಿ. ಎರಡರಲ್ಲಿ ಯಾವುದು ಆಟಗಾರನನ್ನು ಕೆಡಿಸಿತು ಎಂದು ಆಮೇಲೆ ಬಿಡಿಸಲಾಗದು.

ನೆಟ್‌ವರ್ಕ್ ಲ್ಯಾಗ್ ಇದರ ಅಣ್ಣತಮ್ಮ ಅಷ್ಟೇ, ಇದೇ ಅಲ್ಲ. ಆನ್‌ಲೈನ್ ಶೂಟಿಂಗ್ ಆಟಗಳಲ್ಲಿ ಆಟಗಾರನ ಸ್ವಂತ ಚಲನೆಯನ್ನು ಅವನ ಕಂಪ್ಯೂಟರೇ ಊಹಿಸಿ ತಕ್ಷಣ ತೋರಿಸುತ್ತದೆ, ತಡವಾಗುವುದು ಎದುರಾಳಿಯ ಸುದ್ದಿ ಮತ್ತು ಗುಂಡು ತಾಗಿತೇ ಎಂಬ ತೀರ್ಪು. ನೆಟ್‌ವರ್ಕನ್ನು ಬೇಕೆಂದೇ ತಡಮಾಡುವ ಲಿನಕ್ಸ್‌ನ ನೆಟ್‌ಎಮ್‌ನಲ್ಲಿ ಸೇರಿಸಿದ 100 ಮಿಲಿಸೆಕೆಂಡಿಗೂ ನಾವು ಸರತಿಯಲ್ಲಿ ಸೇರಿಸಿದ 100ಕ್ಕೂ ಕೈಗೆ ಆಗುವ ಅನುಭವ ಬೇರೆ.

ಆಟಗಾರರಿಗೆ ಕೊಟ್ಟ ಕೆಲಸ ಗೇಮ್ ಎನ್ನಲೂ ಸಾಲದಷ್ಟು ಬಡವಾದದ್ದು: ವೃತ್ತದಲ್ಲಿ 13 ಗುರಿಗಳು, ಹೊಳೆದದ್ದನ್ನು ಒತ್ತಬೇಕು, ಮುಂದಿನದು ಎದುರು ದಂಡೆಯಲ್ಲಿ ಹೊಳೆಯುತ್ತದೆ. ಬಡವಾಗಿರುವುದೇ ಇದರ ಗುಣ. ನಿಜವಾದ ಶೂಟಿಂಗ್ ಆಟದಲ್ಲಿ ಸೋಲು-ಗೆಲುವಿಗೆ ನಕ್ಷೆಯ ಪರಿಚಯ, ಎದುರಾಳಿ, ಅದೃಷ್ಟ ಎಲ್ಲ ಬೆರೆಯುತ್ತವೆ. ಗುರಿ ಮುಟ್ಟಲು ಎಷ್ಟು ಸಮಯ ಬೇಕೆಂದು ಮನಶ್ಶಾಸ್ತ್ರಜ್ಞ ಫಿಟ್ಸ್ 1954ರಲ್ಲಿ ಕೊಟ್ಟ ಸೂತ್ರದ ಈಗಿನ ರೂಪದಲ್ಲಿ ಗುರಿಯ ಕಠಿಣತೆ ಎಂದರೆ ದೂರವನ್ನು ಅಗಲದಿಂದ ಭಾಗಿಸಿ, 1 ಕೂಡಿಸಿ, 2ರ ಆಧಾರದ ಲಾಗರಿದಮ್ ತೆಗೆದದ್ದು. ದೂರ 256 ಮತ್ತು 512 ಪಿಕ್ಸೆಲ್, ಅಗಲ 24, 48, 96 ಇಟ್ಟರೆ ಕಠಿಣತೆ 1.87ರಿಂದ 4.48 ಬಿಟ್‌ವರೆಗೆ ಹರಡುತ್ತದೆ. ಒಂದು ಲ್ಯಾಗ್ ಸ್ಥಿತಿಗೆ 78 ಗುರಿ, ನಾಲ್ಕಕ್ಕೆ 312. ಪ್ರತಿ ಸುತ್ತಿನ ಮೊದಲ ಕ್ಲಿಕ್ ಗಡಿಯಾರ ಚಾಲು ಮಾಡಲು ಮಾತ್ರ, ಲೆಕ್ಕಕ್ಕಿಲ್ಲ. ವಿಂಡೋಸ್‌ನ 'ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಷನ್' ಟಿಕ್ ತೆಗೆದಿರಬೇಕು. ಅದು ಇದ್ದರೆ ಕೈಯ ವೇಗದ ಮೇಲೆ ದೂರ ಬದಲಾಗುತ್ತದೆ. ಕ್ಲಿಕ್‌ಗೆ ಎರಡು ಸಮಯ ದಾಖಲಿಸಬೇಕು: ಬೆರಳು ಒತ್ತಿದ್ದು, ಸರತಿಯಿಂದ ಹೊರಬಂದದ್ದು. ಒಂದನ್ನೇ ಉಳಿಸಿಕೊಂಡರೆ ವಿಶ್ಲೇಷಣೆಯ ಹೊತ್ತಿಗೆ ಕೈ ಹಿಸುಕಿಕೊಳ್ಳಬೇಕಾಗುತ್ತದೆ.

ಮೊದಲ ಸ್ಥಿತಿಯಲ್ಲಿ ಎಲ್ಲರೂ ನಿಧಾನ, ಆಡುತ್ತ ಆಡುತ್ತ ಕೈ ಪಳಗುತ್ತದೆ. ಲ್ಯಾಗ್ ಕ್ರಮವಾಗಿ ಏರಿಸುತ್ತ ಹೋದರೆ ಪಳಗಿದ ಲಾಭ ಲ್ಯಾಗಿನ ನಷ್ಟವನ್ನು ಮುಚ್ಚಿಹಾಕುತ್ತದೆ. ಅದಕ್ಕೆ ನಾಲ್ಕು ಸ್ಥಿತಿಗಳಿಗೆ ಸಮತೋಲಿತ ಲ್ಯಾಟಿನ್ ಚೌಕ (ಒಂದೊಂದು ಸಾಲು ಒಬ್ಬ ಆಟಗಾರ ಆಡುವ ಕ್ರಮ): ಅ-ಆ-ಈ-ಇ, ಆ-ಇ-ಅ-ಈ, ಇ-ಈ-ಆ-ಅ, ಈ-ಅ-ಇ-ಆ. ಪ್ರತಿ ಸ್ಥಿತಿಯೂ ಪ್ರತಿ ಸ್ಥಾನದಲ್ಲಿ ಒಮ್ಮೆ, ಪ್ರತಿ ಸ್ಥಿತಿಯ ಬೆನ್ನಿಗೆ ಉಳಿದ ಮೂರೂ ಒಮ್ಮೊಮ್ಮೆ ಬರುತ್ತವೆ. ಆದ್ದರಿಂದ ಆಟಗಾರರ ಸಂಖ್ಯೆ ನಾಲ್ಕರ ಗುಣಕ ಇರಬೇಕು. 24 ಎಂದು ಗೊತ್ತುಮಾಡಿ ಒಬ್ಬರು ಅರ್ಧಕ್ಕೆ ಎದ್ದು ಹೋದರೆ ಅದೇ ಕ್ರಮಕ್ಕೆ ಇನ್ನೊಬ್ಬರನ್ನು ಹಾಕಬೇಕು.

ಆಟಗಾರರನ್ನು ಆರಿಸುವಾಗ 'ದಿನಕ್ಕೆ ಎಷ್ಟು ಗಂಟೆ ಗೇಮ್ ಆಡುತ್ತೀರಿ' ಎಂಬ ಪ್ರಶ್ನೆ ಇಲ್ಲಿ ನಿರುಪಯುಕ್ತ. ಪಾಶ್ಚಾತ್ಯ ಪ್ರಬಂಧಗಳಿಂದ ಹಾಗೇ ಎತ್ತಿಕೊಂಡ ಪ್ರಶ್ನೆ ಅದು. ನಮ್ಮಲ್ಲಿ ದಿನಕ್ಕೆ ನಾಲ್ಕು ಗಂಟೆ ಫೋನಿನಲ್ಲಿ ಬಿಜಿಎಂಐ ಆಡುವ ಹುಡುಗ ಹೆಬ್ಬೆರಳಲ್ಲಿ ಗುರಿ ಇಡುತ್ತಾನೆ, ಮೌಸ್ ಹಿಡಿದರೆ ತಡವರಿಸುತ್ತಾನೆ. ಗೇಮ್ ಮುಟ್ಟದ ಡಿಸೈನರ್ ಹುಡುಗಿ ಮೌಸ್‌ನಲ್ಲಿ ಅವನನ್ನು ಹಿಂದಿಕ್ಕುತ್ತಾಳೆ. ಮೌಸ್ ಬಳಕೆ, ಫೋನ್ ಆಟ, ಕನ್ಸೋಲ್ ಮೂರನ್ನೂ ಬೇರೆ ಬೇರೆ ಕೇಳಬೇಕು. ನೈತಿಕ ಸಮಿತಿಯ ಅನುಮತಿ, ಒಪ್ಪಿಗೆ ಪತ್ರ ಕನ್ನಡದಲ್ಲೂ ಇರಬೇಕು. 18ಕ್ಕಿಂತ ಕೆಳಗಿನವರಾದರೆ ಪೋಷಕರ ಸಹಿ ಬೇಕು, ಮೊದಲ ಪ್ರಯೋಗಕ್ಕೆ ಆ ವಯಸ್ಸಿನವರನ್ನು ಬಿಟ್ಟುಬಿಡುವುದೇ ವಾಸಿ. ಅಳತೆಯ ಮಿನುಗುವ ಚೌಕವನ್ನು ಆಟಗಾರ ಬರುವ ಮೊದಲು ತೆಗೆದಿಡಿ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿನುಗು ಫೋಟೋಸೆನ್ಸಿಟಿವ್ ಮೂರ್ಛೆರೋಗ ಇರುವವರಿಗೆ ಅಪಾಯ.

ಯಾವ ಸ್ಥಿತಿಯಲ್ಲಿ ಎಷ್ಟು ಲ್ಯಾಗ್ ಎಂದು ಆಟಗಾರನಿಗೆ ಹೇಳುವಂತಿಲ್ಲ. ಹೇಳದಿದ್ದರೂ ಕೈಗೆ ಗೊತ್ತಾಗುತ್ತದೆ. ಆದರೆ 'ತಡವಾಗುತ್ತಿದೆ' ಎಂದು ಹೇಳುವವರು ಕಡಿಮೆ. 100 ಸೇರಿಸಿದ ಸ್ಥಿತಿಗೆ ಬಂದಾಗ ಮೌಸ್ ಎತ್ತಿ ತಳ ಉಜ್ಜಿ ನೋಡುತ್ತಾರೆ. 'ಈ ಮೌಸ್ ಯಾಕೋ ಭಾರ ಅನ್ಸುತ್ತೆ ಸರ್, ಪ್ಯಾಡ್ ಚೇಂಜ್ ಮಾಡ್ಬೋದಾ?' ಎನ್ನುತ್ತಾರೆ. ಸಮಯದ ಕೊರತೆ ಕೈಗೆ ತೂಕವಾಗಿ ತಲುಪುತ್ತದೆ. ಈ ಮಾತುಗಳನ್ನು ಅವರ ಬಾಯಲ್ಲಿ ಬಂದಂತೆಯೇ ಬರೆದುಕೊಳ್ಳಬೇಕು, ಪ್ರಶ್ನಾವಳಿಯ ಏಳು ಅಂಕಗಳ ಸಾಲಿನಲ್ಲಿ ಇವು ಕಳೆದುಹೋಗುತ್ತವೆ. ಪ್ರಶ್ನಾವಳಿಗೆ ಕೆಲಸದ ಹೊರೆ ಅಳೆಯುವ ನಾಸಾ-ಟಿಎಲ್‌ಎಕ್ಸ್‌ನ ಆರು ಪ್ರಶ್ನೆ ಸಾಕು. ಗೇಮ್ ಎಕ್ಸ್‌ಪೀರಿಯೆನ್ಸ್ ಪ್ರಶ್ನಾವಳಿಯ 33 ಪ್ರಶ್ನೆಗಳನ್ನು ನಾಲ್ಕು ಸಲ ಕೇಳಿದರೆ ಅಳೆಯುವುದು ಬೇಸರವನ್ನೇ. ಅದರ ಒಳರಚನೆ ಗಟ್ಟಿಯಾಗಿಲ್ಲ ಎಂಬ ಟೀಕೆಯೂ 2018ರಿಂದ ಇದೆ.

ವಿಶ್ಲೇಷಣೆಯಲ್ಲಿ ಎಲ್ಲ ಸರಾಸರಿಗಳನ್ನು ಒಂದು ಟೇಬಲ್‌ಗೆ ಸುರಿದು ಅನೋವಾ (ಸರಾಸರಿಗಳ ವ್ಯತ್ಯಾಸ ನೋಡುವ ಪರೀಕ್ಷೆ) ಓಡಿಸುವುದು ರೂಢಿ. ಅದಕ್ಕಿಂತ ಪ್ರತಿ ಕ್ಲಿಕ್ಕನ್ನೂ ಉಳಿಸಿಕೊಂಡು, ಚಲನೆಯ ಸಮಯದ ಲಾಗರಿದಮ್ ತೆಗೆದು, ಅಂಕಿಅಂಶದ ಕೆಲಸಕ್ಕೆ ಬಳಸುವ ಆರ್ ಭಾಷೆಯ ಎಲ್‌ಎಂಇ4 ಪ್ಯಾಕೇಜಿನಲ್ಲಿ ಮಿಶ್ರ ಮಾದರಿ (ಆಟಗಾರರ ನಡುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿಯುವ ಮಾದರಿ) ಹಾಕುವುದು ಮೇಲು, ಏಕೆಂದರೆ ಆಟಗಾರನಿಂದ ಆಟಗಾರನಿಗೆ ಲ್ಯಾಗಿನ ಪೆಟ್ಟು ಬೇರೆ. ಜೊತೆಗೆ ಲಾಗರಿದಮ್ ತೆಗೆಯದ ಸಮಯವನ್ನು ಮೆಕೆಂಝಿ-ವೇರ್ ಮಾದರಿಗೆ ಕೂರಿಸಿ ನೋಡಬೇಕು. ಅದರಲ್ಲಿ ಲ್ಯಾಗ್ ಬರಿಯ ಕೂಡಿಕೆಯಲ್ಲ, ಕಠಿಣತೆಯ ಗುಣಕದೊಳಗೆ ಸೇರಿಕೊಳ್ಳುತ್ತದೆ. ಕಾರಣ ಪರದೆಯ ಮೇಲೇ ಕಾಣುತ್ತದೆ. ದೊಡ್ಡ ಗುರಿಗೆ ಕೈ ಒಂದೇ ಬೀಸಿಗೆ ಹೋಗಿ ಮುಟ್ಟುತ್ತದೆ. ಚಿಕ್ಕ ಗುರಿಗೆ ಬೀಸು, ನೋಡು, ತಿದ್ದು, ನೋಡು, ಮತ್ತೆ ತಿದ್ದು. ಪ್ರತಿ ನೋಟಕ್ಕೂ ಲ್ಯಾಗಿನ ಸುಂಕ ಕಟ್ಟಬೇಕು. ತಪ್ಪುಗಳು ಏರುವುದೂ ಅದಕ್ಕೇ: ಕಣ್ಣಿಗೆ ಪಾಯಿಂಟರ್ ಇನ್ನೂ ಗುರಿಯೊಳಗಿದೆ, ಕೈ ಆಗಲೇ ದಾಟಿಯಾಗಿದೆ. ವೇಗವಾಗಿ ಆಡಿ ತಪ್ಪುವವರನ್ನೂ ನಿಧಾನವಾಗಿ ಆಡಿ ತಾಗಿಸುವವರನ್ನೂ ಹೋಲಿಸಲು ಗುರಿಯ ಅಗಲದ ಬದಲು ಕ್ಲಿಕ್‌ಗಳು ನಿಜವಾಗಿ ಚದುರಿದ ಅಗಲ ಬಳಸಬೇಕು, ಅಂದರೆ ಚದುರುವಿಕೆಯ ಪ್ರಮಾಣಿತ ವಿಚಲನೆಯ 4.133 ಪಟ್ಟು. ಯಾವ ಕ್ಲಿಕ್ ಕೈಬಿಡುತ್ತೇವೆ ಎಂಬುದನ್ನು ದತ್ತಾಂಶ ನೋಡುವ ಮೊದಲೇ ಬರೆದಿಡಬೇಕು. ಸಾಮಾನ್ಯವಾಗಿ ಕೈಬಿಡುವುದು ಒಂದೇ ಗುರಿಗೆ ಬಿದ್ದ ಜೋಡಿ ಕ್ಲಿಕ್‌ನ ಎರಡನೆಯದನ್ನು.

ಪ್ರಬಂಧದ ವಿಧಾನ ವಿಭಾಗದಲ್ಲಿ ಲ್ಯಾಗನ್ನು 50, 100, 150 ಎಂದು ಬರೆಯುವ ಬದಲು ಅಳೆದ ಒಟ್ಟು ವಿಳಂಬವನ್ನೇ ನಾಲ್ಕೂ ಸ್ಥಿತಿಗೆ ಸರಾಸರಿ ಮತ್ತು ವಿಚಲನೆಯೊಂದಿಗೆ ಕೊಟ್ಟೆವು. ಪಕ್ಕದಲ್ಲಿ ಮಾನಿಟರಿನ ಮಾದರಿ, ಹರ್ಟ್ಸ್, ವಿ-ಸಿಂಕ್ ಮತ್ತು ಬದಲಾಗುವ ರಿಫ್ರೆಶ್ ದರದ ಸ್ಥಿತಿ, ಸಾಲಿನ ಫ್ರೇಮ್ ಸಂಖ್ಯೆ, ಮೌಸಿನ ವರದಿ ದರ ಮತ್ತು ಡಿಪಿಐ, ಸೆನ್ಸರ್ ಇಟ್ಟ ಎತ್ತರ, ಗೆರೆಯ ಶೇಕಡಾವಾರು, ಡ್ರೈವರ್ ಆವೃತ್ತಿ. ಡ್ರೈವರ್ ಆವೃತ್ತಿ ಬರೆಯುವುದು ಶೋಕಿಗಲ್ಲ. ಪ್ರಯೋಗದ ನಡುವೆ ವಿಂಡೋಸ್ ತಾನಾಗಿ ಗ್ರಾಫಿಕ್ಸ್ ಡ್ರೈವರ್ ಬದಲಿಸಿ, ಸಾಲಿನ ಫ್ರೇಮ್ ಸೆಟ್ಟಿಂಗನ್ನು ಮೂಲಕ್ಕೆ ತಿರುಗಿಸಬಲ್ಲದು. ಅಪ್‌ಡೇಟ್ ತಡೆಹಿಡಿಯಿರಿ, ಪ್ರತಿ ದಿನದ ಮೊದಲ ಆಟಗಾರ ಕೂರುವ ಮುಂಚೆ 200 ಕ್ಲಿಕ್ ಅಳೆದು ಆ ಕಡತವನ್ನು ಆ ದಿನದ ದತ್ತಾಂಶದ ಜೊತೆಗೇ ಇಡಿ. ಸರಾಸರಿ ಅರ್ಧ ಫ್ರೇಮಿಗಿಂತ ಹೆಚ್ಚು ಸರಿದಿದ್ದರೆ ಕಾರಣ ಸಿಗುವ ತನಕ ಯಾರನ್ನೂ ಕೂರಿಸಬೇಡಿ.